ನಗುಮುಖ ಒತ್ತಿದ ಬೆರಳು

ನಾನೊಂದು ಮೊಬೈಲ್ ಫೋನು. ತಾಯಿ ಯಾರೆಂದು ಕೇಳಬೇಡಿ. ಕಾರ್ಖಾನೆಯಲ್ಲಿ ನೀಲಿ ಟೋಪಿಯ ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ಒಬ್ಬಳು ಕಣ್ಣಿಟ್ಟಳು, ಒಬ್ಬಳು ಕಿವಿಯಿಟ್ಟಳು, ಇನ್ನೊಬ್ಬಳು ಬೆನ್ನು ಮುಚ್ಚಿದಳು. ಬಾಯಿಯನ್ನೂ ಇಟ್ಟರು. ಆದರೆ ಆ ಬಾಯಲ್ಲಿ ನನ್ನ ಮಾತನ್ನು ನಾನೇ ಆಡುವ ಭಾಗ್ಯವನ್ನು ಮಾತ್ರ ಯಾರೂ ಕೊಡಲಿಲ್ಲ. ಯಾರ್ಯಾರೋ ನನ್ನ ಬಾಯಲ್ಲಿ ಮಾತಾಡಿ ಹೋದರು, ನಾನು ಕೇಳಿಸಿಕೊಂಡೇ ಆಯುಸ್ಸು ಕಳೆದೆ. ನನ್ನ ಸಂಕಟವೆಲ್ಲ ಅಲ್ಲಿಂದಲೇ ಶುರು.

ನನ್ನ ಮೊದಲ ಒಡತಿ ಡಾಕ್ಟರ್ ವಾರಿಜಾ. ಚಿತ್ರದುರ್ಗದ ಸೀಮೆಯ ಒಂದು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುತ್ತಿದ್ದರು. ಅವರ ಬಾಗಿಲ ಮುಂದಿನ ಸಾಲು ಕರಗಿದ್ದನ್ನು ನಾನು ಕಾಣೆ. ಊರಿನವರ ದುಃಖವನ್ನೆಲ್ಲ ಕೇಳಿ ಕೇಳಿ ಅವರಿಗೇ ಉಸಿರು ಕಟ್ಟುತ್ತಿತ್ತು. ಅದಕ್ಕೆಂದು ನನ್ನೊಳಗೆ ಧ್ಯಾನದ ಆ್ಯಪ್ ಒಂದನ್ನು ಹಾಕಿಕೊಂಡರು.

ಆ ಆ್ಯಪಿನಲ್ಲಿ ಒಬ್ಬ ಹೆಂಗಸಿನ ದನಿ ಇತ್ತು. ನಾನು ಆಕೆಗೆ ಉಸಿರಮ್ಮ ಎಂದು ಹೆಸರಿಟ್ಟೆ. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮಾತು. "ನಿಮ್ಮ ಉಸಿರನ್ನು ಗಮನಿಸಿ. ಈ ಕ್ಷಣದಲ್ಲಿ ನೆಲೆಸಿ" ಎನ್ನುವಳು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುವರು, ಡಾಕ್ಟರಮ್ಮ ಅರ್ಧಕ್ಕೇ ನಿಲ್ಲಿಸಿ "ಬನ್ನಿ, ಕೂತ್ಕೊಳ್ಳಿ" ಎನ್ನುವರು. ಒಂದು ದಿನವಾದರೂ ಅವರು ಧ್ಯಾನವನ್ನು ಕೊನೆಯವರೆಗೆ ಕೇಳಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅವರು ಹೊಸ ಫೋನು ಕೊಂಡಾಗ ನಾನು ಮೇಜಿನ ಡ್ರಾಯರು ಸೇರಿದೆ. ಅಲ್ಲಿಂದ ಮತ್ತೆ ಬೆಳಕು ಕಂಡದ್ದು ಓಬಳೇಶ ಬಂದ ದಿನ.

ಓಬಳೇಶ ಬಸ್ ಡ್ರೈವರು. ಹಳ್ಳಿಗಳ ಮೇಲೆ ಹೋಗುವ ಗಾಡಿ ಅವನದು. ಅವನ ಗಾಡಿಯ ಕಂಡಕ್ಟರು ಮಹಬೂಬ್. ವಯಸ್ಸಿನಲ್ಲಿ ಹಿರಿಯ, ಮುಂದಿನ ಹಲ್ಲುಗಳು ಬಿದ್ದುಹೋಗಿ ಬಾಯಲ್ಲಿ ಸೀಟಿ ನಿಲ್ಲುತ್ತಿರಲಿಲ್ಲ. ಬೇರೆ ಕಂಡಕ್ಟರುಗಳು ಸೀಟಿ ಊದಿದರೆ ಇವನು ಹಳೇ ಕಾಲದವರಂತೆ ಹಗ್ಗ ಕಟ್ಟಿ ಗಂಟೆ ಬಾರಿಸುತ್ತಿದ್ದ. ಒಂದು ಗಂಟೆ ಬಾರಿಸಿದರೆ ನಿಲ್ಲಿಸು, ಎರಡು ಬಾರಿಸಿದರೆ ಹೊರಡು. ಡ್ರೈವರಾದವನು ಹಿಂದೆ ತಿರುಗಿ ನೋಡುವುದಿಲ್ಲ, ಗಂಟೆಯನ್ನು ನಂಬುತ್ತಾನೆ. ಅವನ ಕಾಲು ತಲೆಯನ್ನು ಕೇಳದೆಯೇ ಗಂಟೆಯ ಮಾತು ಕೇಳುತ್ತದೆ.

ಒಂದು ಸಂತೆಯ ದಿನ ಒಬ್ಬ ಅಜ್ಜಿ ಬಸ್ಸಿಳಿದಳು. ಮಹಬೂಬ್ ಎರಡು ಗಂಟೆ ಬಾರಿಸಿದ. ಎಲೆಅಡಿಕೆ ಚೀಲ ಮೆಟ್ಟಿಲ ಮೇಲೇ ಉಳಿದದ್ದು ನೆನಪಾಗಿ ಅಜ್ಜಿ ತಿರುಗಿ ಕೈ ಚಾಚಿದಳು. ಗಾಡಿ ಹೊರಟಿತ್ತು. ಹಿಂದಿನ ಚಕ್ರ.

ವಿಚಾರಣೆಯಾಯಿತು, ಯಾರ ತಪ್ಪೂ ಇಲ್ಲ ಎಂದರು. ಊರವರು ಹಣೆಬರಹ ಎಂದು ಕೈತೊಳೆದುಕೊಂಡರು. ಅಜ್ಜಿಯ ಮಗನೇ ಬಂದು "ನೀನೇನ್ ಬೇಕಂತ ಮಾಡ್ದೇನಪ್ಪ" ಎಂದು ಹೇಳಿಹೋದ. ಆದರೆ ಅಂದಿನಿಂದ ಎರಡು ಗಂಟೆ ಕೇಳಿದರೆ ಸಾಕು, ಓಬಳೇಶನ ಮೀನಖಂಡ ನಡುಗುತ್ತಿತ್ತು, ಬೆನ್ನು ಬೆವರುತ್ತಿತ್ತು, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಡಿಪೋದವರು ಡಾಕ್ಟರರ ಕಡೆಯಿಂದ ಸರಿಯಾಗಿದ್ದಾನೆಂದು ಬರೆಸಿಕೊಂಡು ಬಾ, ಇಲ್ಲದಿದ್ದರೆ ಡ್ರೈವರ್ ಕೆಲಸ ಇಲ್ಲ ಎಂದರು. ಸ್ಟೇರಿಂಗು ಬಿಟ್ಟರೆ ಬೇರೇನೂ ಹಿಡಿದು ಗೊತ್ತಿಲ್ಲದ ಮನುಷ್ಯ. ಮದುವೆಯ ಕರೆಯೋಲೆಯಲ್ಲೂ ಅವನ ಹೆಸರು 'ಡ್ರೈವರ್ ಓಬಳೇಶ' ಎಂದೇ ಅಚ್ಚಾಗಿತ್ತು.

ಡಾಕ್ಟರಮ್ಮ ಮಾತ್ರೆ ಕೊಟ್ಟರು. ದಿನಾ ಕುಳಿತು ಉಸಿರಿನ ಅಭ್ಯಾಸ ಮಾಡಬೇಕೆಂದರು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಆ್ಯಪ್ ನಡೆಯದು. ಅವರು ಡ್ರಾಯರು ಎಳೆದು ನನ್ನನ್ನು ಅವನ ಕೈಗಿಟ್ಟರು. "ಇದರಲ್ಲಿ ಒಂದು ಹೆಂಗಸಿನ ದನಿ ಇದೆ. ಅವಳು ಹೇಳಿದ ಹಾಗೆ ಮಾಡಿ. ನನಗೂ ಇದರಿಂದ ಉಪಯೋಗವಾಗಿದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಅವರನ್ನು ನಾನು ಇವತ್ತಿಗೂ ಬೈಯುವುದಿಲ್ಲ.

ಅಂದಿನಿಂದ ನನ್ನ ವಾಸ ಓಬಳೇಶನ ಖಾಕಿ ಅಂಗಿಯ ಎದೆಜೇಬಿನಲ್ಲಿ. ಅವನ ಗುಂಡಿಗೆಗೂ ನನಗೂ ನಡುವೆ ಒಂದು ಬಟ್ಟೆ, ಒಂದು ಬನಿಯನ್ನು. ಅವನ ಹೆಂಡತಿ ದುರುಗಮ್ಮನಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಗೋಡೆಗೆ ಒರಗಿ ಕುಳಿತು ನನ್ನನ್ನು ಎದುರಿಗಿಡುತ್ತಿದ್ದ. ಉಸಿರಮ್ಮ ಶುರುಮಾಡುವಳು. ಮೊದಲಿಗೆ ಒಂದು ಗಂಟೆ. ಟಣ್! ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು, ಬ್ರೇಕು. ಆಮೇಲೆ ಪಾಪ, ಪ್ರಾಮಾಣಿಕವಾಗಿ ಉಸಿರಾಡುತ್ತಿದ್ದ. ಭುಜ ಸಡಿಲವಾಗುತ್ತಿತ್ತು, ಹಣೆಯ ಗಂಟು ಬಿಚ್ಚುತ್ತಿತ್ತು. 'ಗೆದ್ದ ನಮ್ಮಪ್ಪ' ಎಂದು ನಾನು ಹಿಗ್ಗುವಷ್ಟರಲ್ಲಿ ಧ್ಯಾನ ಮುಗಿಯುತ್ತಿತ್ತು. ಮುಗಿಯಿತೆಂದು ಹೇಳಲು ಆ ಆ್ಯಪು ಎರಡು ಗಂಟೆ ಬಾರಿಸುತ್ತಿತ್ತು.

ಟಣ್ ಟಣ್!

ಅಷ್ಟೇ. ಕಟ್ಟಿದ್ದೆಲ್ಲ ಕುಸಿಯಿತು. ಕಾಲು ನಡುಗಿತು, ಬಾಯಿ ಒಣಗಿತು, ಕಣ್ಣು ಹಿಂದಿನ ಚಕ್ರವನ್ನು ಹುಡುಕಿತು. ಆಗ ಉಸಿರಮ್ಮ ನನ್ನದೇ ಬಾಯಲ್ಲಿ ನುಡಿಯುವಳು: "ಈಗ ನಿಮ್ಮ ಮನಸ್ಸು ಪ್ರಶಾಂತವಾಗಿದೆ." ನನಗೆ ನನ್ನ ಬಾಯಿಗೇ ಬಟ್ಟೆ ತುರುಕೋಣ ಅನ್ನಿಸುತ್ತಿತ್ತು. ಅಯ್ಯೋ ಮಹರಾಯ್ತಿ, ಕಣ್ಣುಬಿಟ್ಟು ನೋಡೇ!

ಆಮೇಲೆ ಪರದೆಯ ಮೇಲೆ 'ಹೇಗನಿಸಿತು?' ಎಂಬ ಪ್ರಶ್ನೆ ಬರುತ್ತಿತ್ತು. ಕೆಳಗೆ ಪುಟ್ಟ ಮುಖಗಳ ಸಾಲು. ಒಂದು ತುದಿಯಲ್ಲಿ ಅಳುವ ಮುಖ, ಇನ್ನೊಂದು ತುದಿಯಲ್ಲಿ ಹಲ್ಲು ಬಿಡುವ ಮುಖ. ಮೊದಲ ದಿನ ಓಬಳೇಶನ ಬೆರಳು ಅಳುವ ಮುಖದ ಮೇಲೇ ಹೋಯಿತು. ಒತ್ತಲಿಲ್ಲ.

"ಏ ಇವಳೇ, ಇದನ್ನ ಒತ್ತಿದ್ರೆ ಎಲ್ಲಿಗ್ ಹೋಗ್ತೈತೆ?" ಎಂದು ದುರುಗಮ್ಮನನ್ನು ಕೇಳಿದ.

ದುರುಗಮ್ಮ ರೊಟ್ಟಿ ತಟ್ಟುತ್ತಿದ್ದವಳು ಎದ್ದುಬಂದು ನೋಡಿದಳು. "ಟಿಕೆಟ್ ಮಿಷಿನ್ದು ಎಲ್ಲಾ ಡಿಪೋಕ್ ಹೋಗ್ತೈತೆ ಅಂತೀರಿ. ಗಾಡಿ ಎಲ್ಲಿ ನಿಂತ್ಕಂಡ್ರೂ ಅಲ್ಲಿ ಕುಂತೋರಿಗೆ ಗೊತ್ತಾಗ್ತೈತೆ ಅಂತೀರಿ. ಇದ್ ಹೋಗಲ್ಲ ಅಂತ ಏನ್ ಗ್ಯಾರಂಟಿ? ಯಾವುದಕ್ಕೂ ನಗೋದನ್ನೇ ಒತ್ರಿ."

ಅವಳ ಮಾತಿನಲ್ಲೇನು ತಪ್ಪು? ಯಂತ್ರವೆಂದರೆ ಮೇಲಿನವರಿಗೆ ಚಾಡಿ ಹೇಳುವುದೆಂದೇ ಆ ಜನ ಕಂಡವರು. ನಾನು ಆ ಜಾತಿಯವನಲ್ಲ ಎಂದು ಹೇಗೆ ಹೇಳಲಿ? ಓಬಳೇಶ ನಗುವ ಮುಖ ಒತ್ತಿದ. ದಿನಾ ಒತ್ತಿದ. ಧ್ಯಾನ ಹೆಚ್ಚು ಮಾಡಿದರೆ ಬೇಗ ವಾಸಿಯಾದೀತೆಂದು ಸಂಜೆಯೂ ಕುಳಿತ. ದಿನಕ್ಕೊಮ್ಮೆ ಬರುತ್ತಿದ್ದ ನಡುಕ ಎರಡು ಸಲ ಬರತೊಡಗಿತು. ಪರದೆಯ ಮೇಲೆ ನಗುವ ಮುಖಗಳು ಮಾತ್ರ ಸಾಲುಗಟ್ಟಿ ಬೆಳೆದವು.

ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ನನ್ನನ್ನು ಕೈಗೆತ್ತಿಕೊಂಡು ಆ ಸಾಲನ್ನು ನೋಡಿದರು. ಅವರ ದಣಿದ ಮುಖ ಅರಳಿತು. "ಅರೆ! ಒಂದು ದಿನವೂ ತಪ್ಪಿಸಿಲ್ಲ. ನಿಜವಾಗ್ಲೂ ಆರಾಮ ಅನ್ನಿಸ್ತಿದೆಯಾ ಓಬಳೇಶ್?"

ಅವನ ಬಾಯಿ ತೆರೆಯಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಅಷ್ಟರಲ್ಲಿ ಮುಂದಿನ ರೋಗಿ ಬಾಗಿಲು ತಳ್ಳಿದ.

"ಪರವಾಗಿಲ್ಲ ಮೇಡಂ," ಎಂದ ಓಬಳೇಶ.

ಅವರು ಬರೆದುಕೊಟ್ಟರು. ಕಾಗದ ನನ್ನ ಜೊತೆಗೇ ಜೇಬಿಗೆ ಬಂತು. ಅದರ ಹಿಂದೆ ಅವನ ಗುಂಡಿಗೆ ಹಕ್ಕಿಮರಿಯಂತೆ ಒದ್ದಾಡುತ್ತಿತ್ತು.

ಮೊದಲ ದಿನದ ಡ್ಯೂಟಿಗೆ ದುರುಗಮ್ಮ ನಿಂಬೆಹಣ್ಣು ಕೊಟ್ಟು ಕಳಿಸಿದಳು. ಚಕ್ರದ ಕೆಳಗಿಡುವಾಗ ಓಬಳೇಶ ಹಿಂದಿನ ಚಕ್ರದ ಕಡೆ ಮುಖ ತಿರುಗಿಸಲಿಲ್ಲ. ಅದೇ ಗಾಡಿ, ಅದೇ ದಾರಿ, ಅದೇ ಮಹಬೂಬ್. ಬಸ್‌ಸ್ಟ್ಯಾಂಡಿನಲ್ಲಿ ಜನ ಹತ್ತಿದರು. ಮಹಬೂಬ್ ಹಗ್ಗ ಎಳೆದ. ಟಣ್ ಟಣ್!

ಗಾಡಿ ಅಲುಗಲಿಲ್ಲ. ಮಹಬೂಬ್ ಮತ್ತೆ ಬಾರಿಸಿದ. ಓಬಳೇಶ ಕ್ಲಚ್ಚು ತುಳಿದು, ಗೇರು ಹಾಕಿ, ಕಲ್ಲಾಗಿ ಕುಳಿತಿದ್ದ. ಹಿಂದಿನಿಂದ ಕೂಗು ಶುರುವಾಯಿತು. "ಏನಪ್ಪಾ ಡ್ರೈವರ್ರು, ನಿದ್ದೆ ಗಿದ್ದೆ ಹತ್ತೈತೇನು?" ಅವನು ದಿಕ್ಕು ಕಾಣದೆ ನನ್ನನ್ನು ಜೇಬಿನಿಂದ ಎಳೆದು ಸ್ಟೇರಿಂಗಿನ ಮುಂದಿಟ್ಟ. ಉಸಿರಮ್ಮನ ಒಂದು ನಿಮಿಷದ ಪುಟ್ಟ ಅಭ್ಯಾಸವನ್ನು ಒತ್ತಿದ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

ಬೇಡ, ಬೇಡ, ಇದು ಹೇಗೆ ಮುಗಿಯುತ್ತದೆಂದು ನಿನಗೇ ಗೊತ್ತಲ್ಲ! ನಾನು ಒಳಗೊಳಗೇ ಬಡಿದುಕೊಂಡೆ. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು. "ಉಸಿರನ್ನು ನಿಧಾನವಾಗಿ ಒಳಗೆಳೆದುಕೊಳ್ಳಿ…"

ಗಾಡಿ ಹೊರಡದ್ದು ಕಂಡು ಕೆಳಗೆ ನಿಂತಿದ್ದ ಒಬ್ಬ ಹೆಂಗಸು ಹತ್ತಲು ಬಂದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಅದೇ ಹೊತ್ತಿಗೆ ನಾನು ಎರಡು ಗಂಟೆ ಬಾರಿಸಿದೆ. ಓಬಳೇಶನ ಕಾಲು ಕ್ಲಚ್ಚಿನಿಂದ ಹಾರಿತು. ಬಸ್ಸು ಮುಂದಕ್ಕೆ ನೆಗೆಯಿತು.

"ಹೋಲ್ಡಾನ್! ಹೋಲ್ಡಾನ್!" ಮಹಬೂಬ್ ಕಿರುಚುತ್ತ ಆ ಹೆಂಗಸಿನ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡ. ಎಂಜಿನ್ನು ಕೆಮ್ಮಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಓಬಳೇಶ ನನ್ನನ್ನು ಮುಷ್ಟಿಯಲ್ಲಿ ಹಿಡಿದೇ ತನ್ನ ಬಾಗಿಲಿಂದ ಧುಮುಕಿದ. ಓಡಿಹೋಗಿ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಅಡಿಯಲ್ಲಿ ನೋಡಿದ. ಬಗ್ಗಿ ನೋಡಿದ. ಈಚೆಯಿಂದ ನೋಡಿದ, ಆಚೆಯಿಂದ ನೋಡಿದ. ಡಾಂಬರಿನ ಮೇಲೆ ಅಂಗೈ ಸವರಿ ಸವರಿ ನೋಡಿದ.

ಮಹಬೂಬ್ ಬಂದು ಪಕ್ಕದಲ್ಲೇ ಕುಳಿತ. "ಯಾರೂ ಇಲ್ಲ ಕಣೋ. ಯಾರೂ ಬಿದ್ದಿಲ್ಲ. ಮೇಲಕ್ಕೇಳು."

"ನನ್ ಕೈಲಿ ಆಗಲ್ಲ ಮಾಬಣ್ಣ. ಎಲ್ಡು ಗಂಟೆ ಕೇಳಿದ್ರೆ ಸಾಯಂಗಾಗ್ತೈತೆ. ಈ ಫೋನಾಗೂ ಅದೇ ಗಂಟೆ. ದಿನಾ ಸುಳ್ಳೇ ನಗೋದ್ ಒತ್ತಿದೀನಿ. ದಿನಾ." ಅವನು ಮಗುವಿನ ಹಾಗೆ ಅಳುತ್ತಿದ್ದ.

ಮಹಬೂಬ್ ಹಗ್ಗ ಎಳೆಯುವ ತನ್ನ ಕೈಯನ್ನು ನೋಡಿಕೊಂಡ. "ಅವತ್ತು ಗಂಟೆ ಹೊಡ್ದೋನು ನಾನು ಕಣೋ," ಎಂದ. "ನನ್ನನ್ನ ಯಾರೂ ಡಾಕ್ಟರ್ ಹತ್ರ ಕಳಿಸ್ಲೇ ಇಲ್ಲ."

ಪರದೆಯ ಮೇಲೆ ಪ್ರಶ್ನೆ ಇನ್ನೂ ಕಾಯುತ್ತಿತ್ತು, ಹೇಗನಿಸಿತು? ಓಬಳೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಅಳುವ ಮುಖವನ್ನು ಒತ್ತಿದ. ಮೊದಲ ಸಲ. "ಪರವಾಗಿಲ್ಲ, ನಾಳೆ ಮತ್ತೆ ಪ್ರಯತ್ನಿಸಿ" ಎಂದಳು ಉಸಿರಮ್ಮ.

ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದರು. ಅವರು ಬಾಗಿಲು ಹಾಕಿ, ಹೊರಗೆ ಎಷ್ಟು ತಟ್ಟಿದರೂ ತೆಗೆಯದೆ, ಮೊದಲ ಬಾರಿಗೆ ಧ್ಯಾನವನ್ನು ಕೊನೆಯವರೆಗೆ ಕೇಳಿದರು. ಎರಡು ಗಂಟೆ ಬಾರಿಸಿದಾಗ ಓಬಳೇಶನ ಕಾಲು ಕುಣಿದದ್ದನ್ನು ಕಂಡರು. ಕೊಟ್ಟಿದ್ದ ಕಾಗದವನ್ನು ವಾಪಸು ಪಡೆದರು.

ಓಬಳೇಶ ಮತ್ತೆಂದೂ ಬಸ್ಸು ಓಡಿಸಲಿಲ್ಲ. ಈಗ ಡಿಪೋದ ಗೇಟು ಕಾಯುತ್ತಾನೆ, ಬೇರೆಯವರು ಓಡಿಸುವ ಗಾಡಿಗಳಿಗೆ ಬಾಗಿಲು ತೆರೆಯುತ್ತಾನೆ. ಹೊರಗಿನ ನಿಲ್ದಾಣದಲ್ಲಿ ಎರಡು ಸೀಟಿ ಕೇಳಿದರೆ ಇವತ್ತಿಗೂ ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ವಾಸಿಯಾಯಿತೆಂದು ನಾನು ಸುಳ್ಳು ಹೇಳಲಾರೆ. ಆ ಮನೆಯಲ್ಲಿ ಸುಳ್ಳು ಸಾಕಷ್ಟಾಗಿದೆ.

ನನಗೂ ವಯಸ್ಸಾಯಿತು. ಬ್ಯಾಟರಿ ಊದಿಕೊಂಡು ಬೆನ್ನು ಬಾಗಿತು. ಅದನ್ನು ತೆಗೆದುಹಾಕಿ, ಗೇಟಿನ ಕೋಣೆಯ ಗೂಡಿನಲ್ಲಿ ಬೀಗದಕೈಗಳ ಪಕ್ಕ ನನ್ನನ್ನು ಇಟ್ಟಿದ್ದಾರೆ. ಉಸಿರಮ್ಮ ಸತ್ತಳು. ನನ್ನ ಬಾಯಿ ಕಡೆಗೂ ಖಾಲಿಯಾಯಿತು, ಆದರೆ ಈಗ ಅದರಲ್ಲಿ ದನಿಯೇ ಇಲ್ಲ.

ಆದರೂ ಸಂಜೆ ಡ್ಯೂಟಿ ಮುಗಿಸಿ ಮಹಬೂಬ್ ಬರುತ್ತಾನೆ. ಇಬ್ಬರೂ ನನ್ನ ಕಪ್ಪು ಪರದೆಯ ಮುಂದೆ ಕಣ್ಣುಮುಚ್ಚಿ ಕುಳಿತು ಉಸಿರಾಡುತ್ತಾರೆ. ಮುಗಿಯಿತೆಂದು ಹೇಳಲು ಯಾವ ಗಂಟೆಯೂ ಇಲ್ಲ, ಸಾಕೆನಿಸಿದಾಗ ಕಣ್ಣು ಬಿಡುತ್ತಾರೆ. ಆಗ ಮಹಬೂಬ್ ಕೇಳುತ್ತಾನೆ, "ಹೆಂಗೈತೋ?"

"ಚೆನ್ನಾಗಿಲ್ಲ ಮಾಬಣ್ಣ."

"ನಂಗೂ ಅಷ್ಟೇ ಕಣೋ," ಎನ್ನುತ್ತಾನೆ ಅವನು. ಆಮೇಲೆ ಇಬ್ಬರೂ ಎದ್ದು ಚಹಾ ಕುಡಿಯಲು ಹೋಗುತ್ತಾರೆ.