ಹಿತ್ತಾಳೆಯ ಕೊಕ್ಕೆ

ಆ ಮಧ್ಯಾಹ್ನ ನಾನು ದಮಯಂತಕ್ಕನ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ನಾಯಿಯ ಕೊರಳಿಗೆ ಕಟ್ಟಿ ಕೈಯಲ್ಲಿ ಹಿಡಿಯುವ ಉದ್ದ ಪಟ್ಟಿಯ ಹಿತ್ತಾಳೆ ಕೊಕ್ಕೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ದಿನವೂ ಉಪ್ಪುನೀರಿನ ದಡಕ್ಕೆ ಹೋಗಿಬರುವ ಕೊಕ್ಕೆ. ಎರಡು ದಿನ ಬಿಟ್ಟರೆ ಹಸಿರು ಕಟ್ಟುತ್ತಿತ್ತು. ಒಳಗೆ ದಮಯಂತಕ್ಕ ಸೂಜಿಗೆ ನೂಲು ಪೋಣಿಸುತ್ತಿದ್ದರು. ಅವರ ನಾಯಿ ಬೂದ ನನ್ನ ಪಾದದ ಮೇಲೆ ಗದ್ದವಿಟ್ಟು ಕೊಕ್ಕೆಯನ್ನೇ ನೋಡುತ್ತಿತ್ತು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಎದ್ದು ನಿಂತು ಪಾಠ ಓದೆಂದು ಮೇಷ್ಟ್ರು ಹೇಳಿದಾಗ ದನಿ ಹೊರಡಲಿಲ್ಲ. ಮರುದಿನ ನಾನೂ ಮನೆಯಿಂದ ಹೊರಡಲಿಲ್ಲ. ದೊಡ್ಡವಳಾದ ಮೇಲೆ ದಮಯಂತಕ್ಕನ ಮನೆಗೆಲಸಕ್ಕೆ ಸೇರಿದೆ. ಅವರು ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತ ಒಬ್ಬರೇ ಇದ್ದರು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಾಗ ಬೂದ ಬೀದಿಯವರೆಗೆ ಓಡಿ, ಬೊಗಳಿ ಬೊಗಳಿ ಜನ ಕರೆತಂದಿತ್ತಂತೆ. ಆಗಿನಿಂದ ಅವರ ಒಂದು ಕಾಲು ಮಡಚುತ್ತಿರಲಿಲ್ಲ, ಬೂದ ಕಾಲಬುಡದಲ್ಲಿ ಮಲಗದಿದ್ದರೆ ಅವರಿಗೆ ನಿದ್ದೆಯೂ ಬರುತ್ತಿರಲಿಲ್ಲ. ಅದನ್ನು ದಡಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ಊರಾಚೆ, ಹೊಳೆ ಕಡಲನ್ನು ಸೇರುವಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಒಂದು ಉದ್ಯಾನವಿತ್ತು. ಅಲ್ಲಿ ನಾಯಿಗಳನ್ನು ಕಟ್ಟಿಯೇ ನಡೆಸಬೇಕು. ಕೊನೆಯ ಬಿದಿರುಗೇಟು ದಾಟಿ ಮರಳಿಗಿಳಿದ ಮೇಲೆ ಮಾತ್ರ ಬಿಡಬಹುದು. ಬಿಟ್ಟವರು ಪಟ್ಟಿಯನ್ನು ತಮ್ಮ ಕೊರಳಿಗೆ ಹಾಕಿಕೊಳ್ಳಬೇಕೆಂಬುದು ಕಾವಲುಗಾರ ಐತಪ್ಪಣ್ಣನ ಕಟ್ಟಳೆ. ಆಗ ನಾಯಿಯನ್ನು ಯಾರೂ ಮರೆಯುವುದಿಲ್ಲವಂತೆ. ಉಬ್ಬರ ಶುರುವಾಗುವ ಹೊತ್ತಿಗೆ ಅವನು ಕಂಬಕ್ಕೆ ಕೆಂಪು ಬಟ್ಟೆ ಏರಿಸುತ್ತಿದ್ದ. ಎಲ್ಲರೂ ತಮ್ಮ ತಮ್ಮ ನಾಯಿಯನ್ನು ಕೂಗುತ್ತಿದ್ದರು. ಅಂಚೆಕಚೇರಿಯ ಮುದುಕರೊಬ್ಬರು ತಮ್ಮ ದಪ್ಪನೆಯ ನಾಯಿಗೆ, "ಸಾಹೇಬ್ರೇ, ಊಟ ತಣೀತಾ ಉಂಟು" ಎನ್ನುತ್ತಿದ್ದರು.

ನಾನು ಕೂಗುತ್ತಿರಲಿಲ್ಲ. ಅಷ್ಟು ಜನರ ನಡುವೆ ಬಾಯಿ ತೆರೆಯುವುದು ನನ್ನಿಂದಾಗದ ಮಾತು. ಕೊರಳಲ್ಲಿದ್ದ ಕೊಕ್ಕೆಯನ್ನು ಅದಕ್ಕೆ ಪೋಣಿಸಿದ ಹಿತ್ತಾಳೆ ಬಳೆಗೆ ಮೂರು ಸಲ ಟಣ್ಣೆಂದು ತಟ್ಟುತ್ತಿದ್ದೆ. ಬೂದ ಎಲ್ಲಿದ್ದರೂ ಕಿವಿ ನೆಟ್ಟಗೆ ಮಾಡಿ ಓಡಿಬರುತ್ತಿತ್ತು. "ಈ ಹುಡುಗಿಗಿಂತ ನಾಯಿಯೇ ಹೆಚ್ಚು ಮಾತಾಡ್ತದೆ" ಎಂದು ಐತಪ್ಪಣ್ಣ ನಗುತ್ತಿದ್ದ. ಕೊಕ್ಕೆಯ ಗುಟ್ಟು ಅವನಿಗೂ ಗೊತ್ತಿರಲಿಲ್ಲ, ದಮಯಂತಕ್ಕನಿಗೂ.

ಕೊಕ್ಕೆ ಬೆಳಗಿ ಮುಗಿಸುವಾಗ ಅವರು ಕುಂಟುತ್ತ ಹೊರಬಂದರು. ಕೈಯಲ್ಲಿ ಹೊಸ ಪಟ್ಟಿಯಿತ್ತು. ದಪ್ಪ ಬಟ್ಟೆಯೊಳಗೆ ಹತ್ತಿ ತುಂಬಿ, ತುದಿಗೆ ಮರದ ಗುಂಡಿ ಕಟ್ಟಿ, ನಾಲ್ಕು ದಿನ ಕೂತು ಹೊಲಿದಿದ್ದರು.

"ಆ ಕಬ್ಬಿಣ ಹಿತ್ತಾಳೆ ಎಲ್ಲ ಸಾಕು. ಬೂದನ ಕುತ್ತಿಗೆಯ ರೋಮ ಉದುರಿದೆ ನೋಡು" ಎಂದರು. "ಇದು ಮೆತ್ತಗೆ ಉಂಟು, ಅಲ್ಲವಾ?"

ನಾನು ತಲೆಯಾಡಿಸಿದೆ. ಕೊಕ್ಕೆ ಬೇಕು ಎನ್ನಲು ಕಾರಣ ಹೇಳಬೇಕಿತ್ತು. ನನಗೆ ಕರೆಯಲು ಬರುವುದಿಲ್ಲ ಎನ್ನಬೇಕಿತ್ತು. ಅವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಬೆಳಗಿದ ಕೊಕ್ಕೆಯನ್ನು ಮೆಟ್ಟಿಲ ಮೇಲೆ ಬಿಟ್ಟು, ಬೂದನಿಗೆ ಹೊಸ ಪಟ್ಟಿ ಕಟ್ಟಿ ಹೊರಟೆ.

ಅಂದು ಇಳಿತ ಜೋರಾಗಿತ್ತು. ಹೊಳೆಯ ನಡುವೆ ಮರಳ ದಿಬ್ಬ ಎದ್ದು ನಿಂತಿತ್ತು. ಬೂದ ಮೊಣಕಾಲುದ್ದದ ನೀರನ್ನು ದಾಟಿ, ಹಕ್ಕಿಗಳ ಹಿಂದೆ ದಿಬ್ಬದ ತುದಿಗೆ ಹೋಯಿತು. ಕೆಂಪು ಬಟ್ಟೆ ಏರಿತು. ಎಲ್ಲ ನಾಯಿಗಳೂ ಬಂದವು, ಸಾಹೇಬರೂ ಬಂದರು. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಸಿಕ್ಕಿದ್ದು ಹತ್ತಿ.

"ಹೆಸರು ಹಿಡಿದು ಕರಿ ಮಾರಾಯ್ತಿ. ನೀರು ಏರ್ತಾ ಉಂಟು" ಎಂದ ಐತಪ್ಪಣ್ಣ.

ಬಾಯಿ ತೆರೆದೆ. ಬಂದದ್ದು ಉಸಿರು ಮಾತ್ರ. ದಿಬ್ಬಕ್ಕೂ ದಡಕ್ಕೂ ನಡುವಿನ ನೀರು ಕಪ್ಪಾಗುತ್ತಿತ್ತು. ಮತ್ತೆ ಮತ್ತೆ ಪ್ರಯತ್ನಿಸಿದೆ. ಕೊನೆಗೆ ಎಲ್ಲಿಂದಲೋ ದನಿ ಬಂತು, ನನಗೇ ಪರಿಚಯವಿಲ್ಲದ ದನಿ: "ಬೂದಾ!"

ಬೂದ ತಲೆ ಎತ್ತಿತು. ದಡದಲ್ಲಿದ್ದ ಒಬ್ಬೊಬ್ಬರನ್ನೂ ನೋಡಿತು. ನನ್ನನ್ನೂ ನೋಡಿತು. ಆಮೇಲೆ ಕೂಗಿದವರು ಯಾರೆಂದು ನನ್ನ ಹಿಂದೆ ಹುಡುಕಿತು. ನನ್ನ ದನಿ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ನಾನೆಂದೂ ಅದನ್ನು ಕರೆದಿರಲಿಲ್ಲ. ಅಷ್ಟರಲ್ಲಿ ದಡದವರೆಲ್ಲ ಕೂಗತೊಡಗಿದರು. ಅಷ್ಟು ಅಪರಿಚಿತ ಬಾಯಿಗಳಲ್ಲಿ ತನ್ನ ಹೆಸರು ಕೇಳಿ ಅದು ಬೆದರಿ ಇನ್ನಷ್ಟು ಹಿಂದೆ ಸರಿಯಿತು.

ಐತಪ್ಪಣ್ಣ ದೋಣಿ ಬಿಚ್ಚುತ್ತಿದ್ದಂತೆ ನಾನು ಮನೆಯ ಕಡೆ ಓಡಿದೆ. ಕೊಕ್ಕೆ ಮೆಟ್ಟಿಲ ಮೇಲೆ ಇಟ್ಟಲ್ಲೇ ಹೊಳೆಯುತ್ತಿತ್ತು. ಒಳಗೆ ಹೊಲಿಗೆಯಂತ್ರ ಓಡುತ್ತಿತ್ತು. ನಾನು ಬಂದದ್ದು ದಮಯಂತಕ್ಕನಿಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎತ್ತಿಕೊಂಡು ಮತ್ತೆ ಓಡಿದೆ.

ದಡ ಮುಟ್ಟಿದಾಗ ದಿಬ್ಬ ಇರಲಿಲ್ಲ. ಐತಪ್ಪಣ್ಣ ಬರಿದೋಣಿಯನ್ನು ಮರಳಿಗೆ ಎಳೆಯುತ್ತಿದ್ದ. ತನ್ನನ್ನು ಕಂಡು ಹೆದರಿ ಬೂದ ಆಚೆ ಬದಿಯ ಸೆಳವಿಗೆ ಹಾರಿತು, ಆಮೇಲೆ ಕಾಣಲಿಲ್ಲ ಎಂದು ತಲೆ ಎತ್ತದೆ ಹೇಳಿದ. ಕತ್ತಲಾಗುವವರೆಗೂ ನಾನು ಕೊಕ್ಕೆ ತಟ್ಟುತ್ತ ನಿಂತಿದ್ದೆ. ಅದು ಯಾಕೆಂದು ಅವನು ಕೇಳಲಿಲ್ಲ.

ಮುಂದಿನ ಎಂಟು ಮುಂಜಾವುಗಳಲ್ಲಿ ಒಬ್ಬಳೇ ಹೋಗಿ ಕಾಂಡ್ಲಾಗಳ ಉದ್ದಕ್ಕೂ ತಟ್ಟಿದೆ. ಕೊಕ್ಕರೆಗಳು ಎದ್ದವು, ಅಷ್ಟೇ. ಬೂದ ಸೆಳವಿಗೆ ಸಿಕ್ಕಿತೆಂದಷ್ಟೇ ನಾನು ಹೇಳಿದ್ದೆ. ದಮಯಂತಕ್ಕ ನನ್ನನ್ನು ಬೈಯಲಿಲ್ಲ. ಕುಳಿತಲ್ಲಿಂದಲೇ ಕಾಲಬುಡಕ್ಕೆ ಕೈ ಚಾಚುವರು, ಹಾಗೇ ಹಿಂದಕ್ಕೆ ತೆಗೆದುಕೊಳ್ಳುವರು.

ಒಂಬತ್ತನೆಯ ಸಂಜೆ ತಮ್ಮನ್ನು ದಡಕ್ಕೆ ಕರೆದೊಯ್ಯೆಂದರು. ನನ್ನ ಹೆಗಲು ಹಿಡಿದು, ಹತ್ತು ಕಡೆ ನಿಂತು, ಬಿದಿರುಗೇಟು ದಾಟಿದರು. ಹತ್ತಿಯ ಪಟ್ಟಿಯನ್ನು ತಮ್ಮ ಕೊರಳಿಗೇ ಹಾಕಿಕೊಂಡಿದ್ದರು. ಉಬ್ಬರ ತುಂಬಿತ್ತು. ನೀರನ್ನೇ ನೋಡುತ್ತ ಅವರೆಂದರು:

"ನನ್ನ ಕೂಗು ಅಷ್ಟು ದೂರ ಹೋಗುವುದಿಲ್ಲ. ದಿನಾ ಕರೆದವಳು ನೀನು, ನಿನ್ನ ದನಿ ಅವನಿಗೆ ಗೊತ್ತು. ಒಂದು ಸಲ ಕರಿ."

ನನ್ನ ಮುಷ್ಟಿಯೊಳಗೆ ಕೊಕ್ಕೆಯಿತ್ತು. ಸದ್ದಾಗದಂತೆ ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಒಂದು ಅಲೆ ಬಂದು ನಮ್ಮಿಬ್ಬರ ಪಾದ ತೋಯಿಸಿ ಹೋಯಿತು.

"ಒಂದೇ ಸಲ" ಎಂದರು ದಮಯಂತಕ್ಕ.