ಭಾವನ ಕಾಲಬುಡದ ಸ್ಪೀಕರ್

ಸ್ಲೈಡ್ ಗಿಟಾರ್ ಕೇಳಿ ಕಣ್ಣು ಒರೆಸಿಕೊಳ್ಳುವವರಿಗೆ ಅದರ ಕಷ್ಟ ಗೊತ್ತಿಲ್ಲ. ಮಾಮೂಲಿ ಗಿಟಾರಿನಲ್ಲಿ ಕತ್ತಿನುದ್ದಕ್ಕೂ ಲೋಹದ ಪಟ್ಟಿಗಳಿರುತ್ತವೆ. ಬೆರಳು ಚೂರು ಆಚೀಚೆ ಆದರೂ ಪಟ್ಟಿ ಮರ್ಯಾದೆ ಉಳಿಸುತ್ತದೆ. ಸ್ಲೈಡಿನಲ್ಲಿ ಆ ಆಸರೆಯಿಲ್ಲ. ಕಿರುಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಬೇಕು, ಅದು ನಿಂತಲ್ಲೇ ಸ್ವರ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿಯೊಂದೇ.

ನನ್ನ ಭಾವನಿಗೆ ಅಂಥ ಕಿವಿಯಿತ್ತು. ಅವರು ನುಡಿಸುತ್ತಿದ್ದರೆ ಮನೆಯ ಹಿರಿಯರು ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವಂತೆ ಅನ್ನಿಸುತ್ತಿತ್ತು, ಪದ ತಿಳಿಯದಿದ್ದರೂ ಸಂಕಟ ತಿಳಿಯುತ್ತಿತ್ತು. ಅವರ ಸರದಿ ಬಂದಾಗ ಡ್ರಮ್ಮರ್ ಕೋಲು ಕೆಳಗಿಟ್ಟು, ಸದ್ದು ಮೆತ್ತಗಾಗಲೆಂದು ಬ್ರಷ್ ಹಿಡಿಯುತ್ತಿದ್ದ. ಬೇಸ್ ಗಿಟಾರಿನವನು ನಾಲ್ಕು ಹೊಡೆಯುವಲ್ಲಿ ಒಂದೇ ಹೊಡೆಯುತ್ತಿದ್ದ. ಯಾರೂ ಯಾರಿಗೂ ಕಣ್ಸನ್ನೆ ಮಾಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಟ್ಟಿಗೆ ನುಡಿಸಿದವರು, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು. ಎಂಥೆಂಥ ತಂಡಗಳನ್ನೋ ಕೇಳಿದ್ದೇನೆ, ಇಂಥದ್ದನ್ನು ಕೇಳಿಲ್ಲ.

ಆ ತಂಡಕ್ಕೆ ಸೌಂಡ್ ನೋಡಿಕೊಳ್ಳುವವನು ನಾನು. “ಸಂಗೀತ ತಲೆಗೆ ಹತ್ತಲಿಲ್ಲ, ಅದಕ್ಕೇ ಇವನಿಗೆ ಗುಂಡಿ ತಿರುಗಿಸೋ ಕೆಲಸ” ಎಂದು ಭಾವ ಎಲ್ಲರೆದುರು ಕಾಲೆಳೆಯುತ್ತಿದ್ದರು. ಅಕ್ಕ ಪ್ರತಿ ಕಾರ್ಯಕ್ರಮದಲ್ಲೂ ನಾಲ್ಕನೇ ಸಾಲಿನಲ್ಲಿ ಕೂತು ನಗುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ ಭಾವ ನುಡಿಸುವ ಮೇಲಿನ ಸ್ವರಗಳು ಕೂದಲೆಳೆಯಷ್ಟು ಕೆಳಗೆ ನಿಲ್ಲತೊಡಗಿದವು. ಕೈಯಲ್ಲಿ ದೋಷವಿರಲಿಲ್ಲ. ಕಿವಿ ಸೋಲುತ್ತಿತ್ತು, ಅದು ಅವರಿಗೇ ತಿಳಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಕೂದಲೆಳೆ ಹೋಗಿ ಬೆರಳಗಲವಾಯಿತು. ಒಂದು ದಿನ ಡ್ರಮ್ಮರ್ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡ.

“ಜನ ಮುಖ ಮುಖ ನೋಡ್ಕೊಳ್ತಿದ್ದಾರೆ ಕಣೋ. ಅವರಿಗೆ ಹೇಳೋ ಧೈರ್ಯ ನನಗಿಲ್ಲ. ನೀನೇ ಏನಾದ್ರೂ ಮಾಡು.”

ಮಾಡಿದೆ. ವೇದಿಕೆಯಲ್ಲಿ ಎರಡು ಬಗೆಯ ಸ್ಪೀಕರುಗಳಿರುತ್ತವೆ. ದೊಡ್ಡವು ಜನರ ಕಡೆಗೆ, ಚಿಕ್ಕವು ನುಡಿಸುವವರ ಕಾಲಬುಡದಲ್ಲಿ, ಅವರದು ಅವರಿಗೇ ಕೇಳಿಸಲಿ ಎಂದು. ನನ್ನ ಮಿಕ್ಸರಿನಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿ. ಭಾವ ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ದೊಡ್ಡ ಸ್ಪೀಕರಿನಲ್ಲಿ ಅವರನ್ನು ಪೂರ್ತಿ ಇಳಿಸುತ್ತಿದ್ದೆ. ಆ ಹೊತ್ತಿಗೆ, ತಂಡಕ್ಕೆ ಆಮೇಲೆ ಸೇರಿದ ಕೀಬೋರ್ಡ್ ಹುಡುಗಿ ನಾನು ಹೇಳಿಟ್ಟಂತೆ ಅದೇ ರಾಗವನ್ನು ಗಿಟಾರಿನ ದನಿಯಲ್ಲಿ ನುಡಿಸುತ್ತಿದ್ದಳು. ಭಾವನ ಕಾಲಬುಡದಲ್ಲಿ ಅವರದು ಮಾತ್ರ ಜೋರಾಗಿ ಕೇಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಭಾವ ತಲೆಬಾಗಿ ನಮಸ್ಕರಿಸುತ್ತಿದ್ದರು.

“ಇವತ್ತು ಚೆನ್ನಾಗಿ ಬಂತಲ್ವೇನೋ?” ಎಂದು ಕೇಳುತ್ತಿದ್ದರು.

“ಬಂತು ಭಾವ” ಎನ್ನುತ್ತಿದ್ದೆ. ಆ ಮಾತು ಹೇಳಿದ ಮೇಲೆ ಊಟ ಸೇರುತ್ತಿರಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ಪಾಪ, ಅವಳಾದರೂ ನೆಮ್ಮದಿಯಾಗಿರಲಿ ಎಂದುಕೊಂಡೆ.

ಕಳೆದ ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ಭಾವ ಹೊಸದೊಂದು ವೈರ್‌ಲೆಸ್ ತಂದಿದ್ದರು. ಗಿಟಾರಿಗೆ ಸಿಕ್ಕಿಸಿಕೊಂಡರೆ ವೈರಿನ ಹಂಗಿಲ್ಲ, ಎಲ್ಲಿ ಬೇಕಾದರೂ ಓಡಾಡಬಹುದು. ಅದನ್ನು ಕೂರಿಸಿಕೊಟ್ಟವನು ನಾನೇ. ನನಗೆ ಆಗಲೇ ಹೊಳೆಯಬೇಕಿತ್ತು, ಮಂಕು ಕವಿದಿತ್ತು.

ಮೂರನೆಯ ಹಾಡಿನ ನಡುವೆ ಭಾವ ಮೇಲಿನ ಸ್ವರ ನುಡಿಸುತ್ತಲೇ ವೇದಿಕೆಯ ಮೆಟ್ಟಿಲಿಳಿದರು. ಅಕ್ಕನ ಎದುರು ನಿಂತು ನುಡಿಸುವ ಆಸೆ. ಜನ ಖುಷಿಯಿಂದ ತಿರುಗಿದರು. ಅಲ್ಲಿ ಕಾಲಬುಡದ ಸ್ಪೀಕರಿಲ್ಲ, ಜನರಿಗೆ ಕೇಳುವುದೇ ಅವರಿಗೂ ಕೇಳುತ್ತದೆ. ಗುಂಡಿ ಏರಿಸಿದರೆ ತಪ್ಪು ಸ್ವರ ಇಡೀ ಸಭೆಗೆ ಕೇಳುತ್ತದೆ, ಏರಿಸದಿದ್ದರೆ ಅವರಿಗೆ ಎಲ್ಲವೂ ತಿಳಿಯುತ್ತದೆ. ಬೆರಳು ಗುಂಡಿಯ ಮೇಲೇ ಮರಗಟ್ಟಿತು.

ಅಷ್ಟರಲ್ಲಿ ಅಕ್ಕನನ್ನು ನೋಡಿದೆ. ಅವಳು ಮಡಿಲ ಹತ್ತಿರ ಕೈಯಿಟ್ಟುಕೊಂಡು, ಯಾರಿಗೂ ಕಾಣದಂತೆ, ವೇದಿಕೆಗೆ ಹೋಗಿ, ವೇದಿಕೆಗೆ ಹೋಗಿ ಎಂದು ಭಾವನಿಗೆ ಸನ್ನೆ ಮಾಡುತ್ತಿದ್ದಳು. ಅವಳಿಗೂ ಗೊತ್ತಿತ್ತು. ಎರಡು ವರ್ಷದಿಂದ ಅವಳೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಭಾವ ಆ ಕೈಯನ್ನು ನೋಡಿದರು. ನುಡಿಸುತ್ತಾ ನುಡಿಸುತ್ತಾ ಕತ್ತು ಓರೆ ಮಾಡಿ ಆಲಿಸಿದರು. ಆಮೇಲೆ ಕೊಳವೆಯನ್ನು ತಂತಿಯಿಂದ ಎತ್ತಿ ಹಿಡಿದರು. ರಾಗ ನಿಲ್ಲಲಿಲ್ಲ. ಕೀಬೋರ್ಡ್ ಹುಡುಗಿ ತಲೆ ತಗ್ಗಿಸಿ ನುಡಿಸುತ್ತಲೇ ಇದ್ದಳು. ಅವಳಿಗೆ ಏನೂ ಕಂಡಿರಲಿಲ್ಲ. ಒಂದಿಬ್ಬರು ನಕ್ಕರು, ತಮಾಷೆಗೆ ಮಾಡಿದ್ದು ಅಂದುಕೊಂಡಿರಬೇಕು. ಭಾವ ಕೈ ಎತ್ತಿಕೊಂಡೇ ಹಾಡು ಮುಗಿಯುವವರೆಗೂ ನಿಂತರು. ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ತಲೆಬಾಗಿದರು.

ಕಾರ್ಯಕ್ರಮ ಮುಗಿದು ನಾನು ವೈರುಗಳನ್ನು ಸುತ್ತುತ್ತಿದ್ದಾಗ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ಎಷ್ಟು ದಿನದಿಂದ?”

“ಎರಡು ವರ್ಷ, ಭಾವ.”

“ಪೂರ್ತಿ ಆ ಕೀಬೋರ್ಡ್ ಹುಡುಗೀದೇನಾ? ನಂದು ಒಂಚೂರೂ ಇರಲಿಲ್ವಾ?”

“ಅಯ್ಯೋ ಇಲ್ಲ ಭಾವ. ಮೇಲಿಂದು ಮಾತ್ರ ಅವಳು. ಕೆಳಗಿನ ಸ್ವರದಲ್ಲೆಲ್ಲ ನೀವೇ. ಅದಂತೂ ಇವತ್ತಿಗೂ ನಿಮ್ಮ ಹಾಗೆ ಯಾರಿಗೂ ಬರಲ್ಲ.” ನಿಜವನ್ನೇ ಹೇಳಿದೆ. ಅಪರೂಪಕ್ಕೆ.

ಬಾಗಿಲಲ್ಲಿ ಅಕ್ಕ ಅವರ ಕೋಟು ಹಿಡಿದು ನಿಂತಿದ್ದಳು, ಒಳಗೆ ಬರುವ ಧೈರ್ಯವಾಗದೆ.

“ಹಾಗಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ” ಎಂದರು ಭಾವ. “ಕೆಳಗಿಂದೇ ನುಡಿಸ್ಕೊಂಡು ಇರ್ತಿದ್ದೆ.”

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಭಾವ ಎದ್ದು ಅಕ್ಕನ ಕೈಯಿಂದ ಕೋಟು ತೆಗೆದುಕೊಂಡು ಹೊರಟುಹೋದರು. ಗಿಟಾರನ್ನು ನಾನೇ ಪೆಟ್ಟಿಗೆಗೆ ಹಾಕಿದೆ. ಅದಿನ್ನೂ ನನ್ನ ಮನೆಯಲ್ಲೇ ಇದೆ, ಕೇಳಿಕೊಂಡು ಯಾರೂ ಬಂದಿಲ್ಲ.