ನೀ ಏಳಬ್ಯಾಡ

ಹಿರೇಕೆರೂರು–ಹಾವೇರಿ ಬಸ್ಸಿನಲ್ಲಿ ಹದಿಮೂರು ವರ್ಷ ಕಂಡಕ್ಟರ್ ಆಗಿದ್ದ ತನುಜಾ ಮೂರು ವರ್ಷಗಳಿಂದ ಡಿಪೋದ ಪಾಸ್ ಕಿಟಕಿಯ ಹಿಂದೆ ಕೂತಿದ್ದಳು. ಅರ್ಜಿ ನೋಡುವುದು, ಮುದ್ರೆ ಒತ್ತುವುದು, ಪಾಸನ್ನು ಹೊರಗೆ ಚಾಚುವುದು. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚುತ್ತಿದ್ದಳು.

ಅವಳನ್ನು ಅಲ್ಲಿ ಕೂರಿಸಿದ್ದು ಒಂದು ನವೆಂಬರ್ ಮಧ್ಯಾಹ್ನ. ರಸ್ತೆಯ ಎರಡೂ ಬದಿ ಗೋವಿನಜೋಳದ ರಾಶಿ ನಡೆದಿತ್ತು. ಯಂತ್ರದಿಂದ ಹಾರಿದ ಹೊಟ್ಟು ತೆರೆದ ಕಿಟಕಿಗಳಿಂದ ಬಸ್ಸಿನೊಳಗೆ ನುಗ್ಗಿತು. ಚಿಕ್ಕಂದಿನಿಂದ ಆಗೊಮ್ಮೆ ಈಗೊಮ್ಮೆ ಕಾಡುತ್ತಿದ್ದ ದಮ್ಮು ಅವತ್ತು ಅವಳನ್ನು ಸೀಟುಗಳ ನಡುವೆ ಮಂಡಿಯೂರಿಸಿತು. ಸೀಟಿ ಊದುವಷ್ಟೂ ಉಸಿರಿರಲಿಲ್ಲ. ಡ್ರೈವರ್ ಎಲ್ಲೂ ನಿಲ್ಲಿಸದೆ ಬಸ್ಸನ್ನು ನೇರ ಹಾವೇರಿಯ ಆಸ್ಪತ್ರೆಗೆ ಒಯ್ದ. ನಾಲ್ಕು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದವಳಿಗೆ ಹಗುರ ಕೆಲಸ ಕೊಟ್ಟರು.

ಮನೆಯಲ್ಲಿ ಅದಕ್ಕಿಂತ ಹಗುರ ಕೆಲಸ, ಅಂದರೆ ಏನೂ ಇಲ್ಲ. ಅತ್ತೆ ವೀರವ್ವ ಅರವತ್ತೆಂಟರ ಹೆಂಗಸು, ರೊಟ್ಟಿ ಬಡಿಯುವುದರಿಂದ ಹಿಡಿದು ಸೊಸೆಯ ಸೀರೆ ಹಿಂಡುವವರೆಗೆ ಎಲ್ಲವನ್ನೂ ತಾನೇ ಮೈಮೇಲೆ ಎಳೆದುಕೊಂಡಳು. ತನುಜಾ ನೀರಿನ ತಂಬಿಗೆಗೆ ಕೈಚಾಚಿದರೂ ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ನೀ ಏಳಬ್ಯಾಡ, ನಾ ತರ್ತೇನಿ."

ಅದು ಬರೀ ಮಾತಿನ ಅಕ್ಕರೆ ಆಗಿರಲಿಲ್ಲ. ವೀರವ್ವನ ತಂಗಿ ಉಡಚವ್ವ ದಮ್ಮಿನಿಂದಲೇ ತೀರಿಕೊಂಡಿದ್ದಳು, ಅದೂ ಕಣದಲ್ಲಿ, ಮೂವತ್ತು ತುಂಬುವ ಮೊದಲೇ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೂರು ವರ್ಷದಲ್ಲಿ ತನುಜಾಳ ತೂಕ ಐವತ್ತೇಳರಿಂದ ಎಂಬತ್ತೆರಡಕ್ಕೆ ಏರಿತು. ವಿಚಿತ್ರವೆಂದರೆ ಇಷ್ಟು ವಿಶ್ರಾಂತಿಯಲ್ಲೂ ದಮ್ಮು ಇಳಿಯಲಿಲ್ಲ. ಡಿಪೋದ ಆರು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುವಂತಾಯಿತು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಇನ್ಹೇಲರ್ ಪಂಪನ್ನು ದಿನಕ್ಕೆ ನಾಲ್ಕೈದು ಸಲ ಬಾಯಿಗಿಡುತ್ತಿದ್ದಳು. ದಿನಾ ತಪ್ಪದೆ ತೆಗೆದುಕೊಳ್ಳಬೇಕೆಂದು ಹಾವೇರಿಯಲ್ಲಿ ಕೊಟ್ಟಿದ್ದ ಇನ್ನೊಂದು ಪಂಪು ಕಪಾಟಿನಲ್ಲೇ ಇತ್ತು. ಅದನ್ನು ಹಚ್ಚಿಕೊಂಡರೆ ಜೀವನಪೂರ್ತಿ ಬಿಡುವುದಿಲ್ಲ ಎಂದು ಯಾರೋ ಹೇಳಿದ್ದರು.

ಕಿಟಕಿಯ ಆಚೆ ಬಸ್ಸುಗಳು ಹೊರಡುವಾಗ ಅವಳು ಮುದ್ರೆ ಒತ್ತುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಬಸ್ಸಿನಲ್ಲಿ ಅವಳು ಅಂದರೆ ಎಲ್ಲರಿಗೂ ಗೊತ್ತು. ಸಂತೆಯ ದಿನ ಬುಟ್ಟಿ ಹೊತ್ತು ಬರುವ ಮುದುಕಿಯರು ಅವಳು ಕೈಹಿಡಿದು ಹತ್ತಿಸುತ್ತಾಳೆಂದೇ ಕಾಯುತ್ತಿದ್ದರು. ಡಾಕ್ಟರರ ಸರ್ಟಿಫಿಕೇಟು ತಂದರೆ ಮತ್ತೆ ಬಸ್ಸಿಗೆ ಹಾಕಬಹುದೆಂದು ಡಿಪೋದ ಸಾಹೇಬರು ಹೇಳಿದಾಗ ಮರುದಿನವೇ ಊರಿನ ಆಸ್ಪತ್ರೆಗೆ ಹೋದಳು.

ಲೇಡಿ ಡಾಕ್ಟರ್ ಇರಮ ಸವಣೂರಿನವರು, ವಯಸ್ಸಿನಲ್ಲಿ ತನುಜಾಳಿಗಿಂತ ಚಿಕ್ಕವರು. ತೂಕ ನೋಡಿದರು, ಕೊಳವೆಯೊಳಗೆ ಊದಿಸಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

"ದಿನಾ ಎಷ್ಟು ನಡೀತೀರಿ?"

"ನಡದ್ರ ಉಸುರು ಹತ್ತತೈತ್ರಿ. ಅದಕ್ಕ ನಡಿಯಂಗಿಲ್ರಿ."

"ನಡಿಯಂಗಿಲ್ಲ ಅಂತನ ಉಸುರು ಇನ್ನೂ ಬೇಗ ಹತ್ತಾಕತ್ತೈತ್ರಿ. ತೂಕಾನೂ ಇಪ್ಪತ್ತೈದು ಕಿಲೋ ಏರೈತಿ. ಹೊಟ್ಟಿ ಕಡೆ ಭಾರ ಹೆಚ್ಚಾದ್ರ ಎದಿಗೆ ಹಿಗ್ಗಾಕ ಜಾಗಾ ಸಾಲಂಗಿಲ್ಲ."

ತನುಜಾಳ ಮುಖಕ್ಕೆ ಹೊಡೆದಂತಾಯಿತು. "ಅಂದ್ರ ನಾ ದಪ್ಪ ಆಗಿದ್ದಕ್ಕ ದಮ್ಮು ಬಂತು ಅಂತೀರೇನ್ರಿ? ಎಂಟು ವರ್ಷದಾಕಿ ಇದ್ದಾಗಿಂದ ಐತ್ರಿ ಅದು."

"ಅಲ್ರಿ. ದಮ್ಮು ಮೊದಲ ಬಂತು, ತೂಕ ಆಮ್ಯಾಲ ಬಂತು. ತಪ್ಪು ನಿಮ್ದು ಅಂತ ನಾ ಅನ್ನಾಕತ್ತಿಲ್ಲ. ಆದ್ರ ಈಗ ಎರಡೂ ಕೂಡ್ಯಾವ. ನಿಮಗ ಬರೂ ಎಲ್ಲಾ ಏದುಸಿರೂ ದಮ್ಮಲ್ಲ. ಕುಂತು ಕುಂತು ಮೈಯಾಗಿನ ಶಕ್ತಿ ಹೋಗೈತಿ, ಅದಕ್ಕೂ ಉಸುರು ಹತ್ತತೈತಿ."

ದಿನದ ಪಂಪನ್ನು ಹೊಸದಾಗಿ ತಂದು ಬೆಳಿಗ್ಗೆ ಸಂಜೆ ತಪ್ಪಿಸಬಾರದು, ಮೂರು ವಾರ ಅದನ್ನು ತೆಗೆದುಕೊಂಡ ಮೇಲೆ ನಡಿಗೆ, ಅದೂ ಹತ್ತು ನಿಮಿಷ, ನಿಧಾನ, ಧೂಳಿಲ್ಲದ ಕಡೆ, ನೀಲಿ ಪಂಪು ಕೈಯಲ್ಲಿರಬೇಕು ಎಂದು ಒಂದೊಂದಾಗಿ ಹೇಳಿದರು. ಸಿಟ್ಟಿನಲ್ಲಿದ್ದ ತನುಜಾಳ ಕಿವಿಗೆ ಬಿದ್ದದ್ದು ಒಂದೇ: ನಡೆದರೆ ಸರ್ಟಿಫಿಕೇಟು ಸಿಗುತ್ತದೆ.

ಸಂಜೆ ಮನೆಯಲ್ಲಿ ವಿಷಯ ತೆಗೆದದ್ದೇ ತಡ ವೀರವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಸಾಯಾಕ ಹೇಳಿದ್ಲೇನು ಆ ಡಾಕ್ಟರು? ದಮ್ಮಿದ್ದಾಕಿನ್ನ ದಾರಿ ಮ್ಯಾಲ ನಡಸ್ತಾರ?"

"ಹತ್ತು ನಿಮಿಷ ಅಷ್ಟ ರೀ ಅತ್ತಿ."

"ಒಂದು ನಿಮಿಷಾನೂ ಬ್ಯಾಡ. ನಾ ಇರೂತನಕ ನಡಿಯಂಗಿಲ್ಲ."

ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಆಗಷ್ಟೇ ಬಂದಿದ್ದ ಗಂಡ ಬಸವೇಶ ಇಬ್ಬರ ಮುಖವನ್ನೂ ನೋಡಿ, ಕೈಗೆ ಹತ್ತಿದ ಎಣ್ಣೆ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದ.

ಎರಡು ದಿನ ಬಿಟ್ಟು ತನುಜಾ, ಡಿಪೋದಲ್ಲಿ ಬೇಗ ಕೆಲಸವಿದೆ ಎಂದು ಸುಳ್ಳು ಹೇಳಿ ಏಳು ಗಂಟೆಗೇ ಹೊರಬಿದ್ದಳು. ಜನವರಿಯ ಚಳಿ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಊರ ಹೊರಗಿನ ರಸ್ತೆ ಹಿಡಿದು ಹಳೆಯ ದಿನಗಳ ಹಾಗೆಯೇ ಬಿರಬಿರನೆ ನಡೆದಳು. ಐದು ನಿಮಿಷ ಚೆನ್ನಾಗಿತ್ತು, ಎಷ್ಟು ಚೆನ್ನಾಗಿತ್ತೆಂದರೆ ತನ್ನಷ್ಟಕ್ಕೆ ತಾನೇ ನಕ್ಕಳು. ತಿರುವು ದಾಟಿದ ಮೇಲೆ ರಸ್ತೆಯ ಪಕ್ಕ ಒಣಗಲು ಹರವಿದ್ದ ಗೋವಿನಜೋಳವನ್ನು ಒಬ್ಬಾತ ಹಲಗೆಯಿಂದ ಎಳೆಯುತ್ತಿದ್ದ. ತಣ್ಣನೆಯ ಗಾಳಿಯ ಜೊತೆ ಆ ಧೂಳು ಗಂಟಲಿಗಿಳಿಯಿತು. ಎದೆಯೊಳಗೆ ಸಿಳ್ಳೆ ಶುರುವಾಯಿತು. ಚೀಲಕ್ಕೆ ಕೈಹಾಕಿದಳು. ಅವಸರದಲ್ಲಿ ಹೊರಟಿದ್ದರಿಂದ ನೀಲಿ ಪಂಪು ದಿಂಬಿನ ಪಕ್ಕದಲ್ಲೇ ಉಳಿದಿತ್ತು.

ಹಲಗೆ ಎಳೆಯುತ್ತಿದ್ದ ಅಲ್ತಾಫ ಓಡಿ ಬಂದ. ಅವಳ ತುಟಿಯ ಬಣ್ಣ ನೋಡಿ ಏನೂ ಕೇಳದೆ ತನ್ನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದು ಮುಟ್ಟಿಸಿದ.

ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂದಿತ್ತು. ಮಂಚದ ಪಕ್ಕ ಬಸವೇಶ ತಲೆ ತಗ್ಗಿಸಿ ನಿಂತಿದ್ದ. ವೀರವ್ವ ಮಾತ್ರ ಡಾಕ್ಟರರ ಎದುರಿಗೇ ಹೋಗಿ ನಿಂತಳು.

"ನಿಮ್ಮ ಮಾತು ಕೇಳಿ ಈಕಿ ಸಾಯಾಕ ಹತ್ತಿದ್ಲು. ತೂಕ ತೂಕ ಅಂತೀರಿ. ನನ್ನ ತಂಗಿ ಉಡಚವ್ವ ಕಡ್ಡಿ ಇದ್ದಂಗ ಇದ್ಲು. ಮುಂಜಾನಿಂದ ಸಂಜೀತನಕ ದುಡೀತಿದ್ಲು. ಆಕಿ ಯಾಕ ಸತ್ಲು? ಹೇಳ್ರಿ ನನಗ."

ಇರಮ ಸ್ಟೂಲು ಎಳೆದು ಆಕೆಯನ್ನು ಕೂರಿಸಿದರು.

"ಆಕಿಗೆ ಔಷಧ ಏನು ಕೊಡ್ತಿದ್ರಿ, ಅಮ್ಮಾ?"

"ಎಲ್ಲೀ ಔಷಧ. ಅರಿಶಿಣ ಹಾಲು."

"ಎಲ್ಲಿ ದುಡೀತಿದ್ರು?"

"ಕಣದಾಗ. ರಾಶಿಯಾಗ..." ವೀರವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಯಾರನ್ನೂ ನೋಡದೆ ಹೇಳತೊಡಗಿದಳು. "ಅವತ್ತು ಆಕಿ, ಅಕ್ಕಾ ಎದಿ ಹಿಡಿಯಾಕತ್ತೈತಿ, ಮನೀಗೆ ಹೋಗ್ತೇನಿ ಅಂದ್ಲು. ಮಳಿ ಬರೂ ಹಂಗ ಇತ್ತು. ನಾನ ಅಂದೆ, ಇದೊಂದು ಗುಂಪಿ ತೂರಿ ಹೋಗು ಅಂತ. ನಾನ ಅಂದೆ. ಆ ಗುಂಪಿ ಮುಗೀಲಿಲ್ಲ."

ಬಸವೇಶ ಇದನ್ನು ಇದುವರೆಗೆ ಕೇಳಿರಲಿಲ್ಲ. ಮಂಚದ ಮೇಲಿದ್ದ ತನುಜಾ ಅತ್ತೆಯ ಕೈಗಳನ್ನೇ ನೋಡಿದಳು. ಮೂರು ವರ್ಷ ತನ್ನ ಕೈಯಿಂದ ತಂಬಿಗೆ ಕಸಿದುಕೊಂಡ ಆ ಕೈಗಳು ಈಗ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಬೈಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳು ಎಲ್ಲಿ ಹೋದವೋ.

"ದುಡಿತ ಅಲ್ಲಮ್ಮಾ ಆಕಿನ್ನ ಕೊಂದದ್ದು," ಎಂದರು ಇರಮ. "ಧೂಳು ಕೊಂದ್ತು. ಔಷಧ ಇಲ್ಲದ್ದು ಕೊಂದ್ತು. ಆಗ ನಿಮಗ ಅದು ಗೊತ್ತಿರಲಿಲ್ಲ. ಈಗ ಈಕಿಗೆ ಔಷಧ ಐತಿ. ಕುಂದರಿಸಿ ಉಳಸ್ತೇನಿ ಅಂದ್ರ ಆಗಂಗಿಲ್ಲ." ಆಮೇಲೆ ತನುಜಾಳ ಕಡೆ ತಿರುಗಿದರು, ದನಿ ಕಟುವಾಗಿತ್ತು: "ನೀವು ನಾ ಹೇಳಿದ್ರಾಗ ಒಂದನ್ನೂ ಕೇಳ್ಲಿಲ್ಲ."

ತನುಜಾ ಔಷಧದ ಚೀಟಿಗೆ ಕೈಚಾಚಿದಳು.

ಮೂರು ವಾರ ಪಂಪು ತಪ್ಪಲಿಲ್ಲ. ಆಮೇಲೆ ಇರಮ ಅವಳನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿದರು, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ. ವೀರವ್ವ ಕೂಡ ಬಂದಿದ್ದಳು. ಬರಬೇಕೆಂದು ಡಾಕ್ಟರರೇ ಹೇಳಿ ಕಳಿಸಿದ್ದರು. ಸೊಸೆಯ ಏದುಸಿರು ಏರಿದಾಗಲೆಲ್ಲ ಆಕೆ ಗೋಡೆಗೆ ಆನಿಕೊಂಡಳು. ಮೂರನೆಯ ನಿಮಿಷಕ್ಕೆ "ಸಾಕು ಬಿಡ್ರಿ" ಎಂದಳು. ಇರಮ ಕ್ಲಿಪ್ಪನ್ನು ಆಕೆಯ ಕಣ್ಣೆದುರಿಗೆ ಹಿಡಿದು, "ನೋಡ್ರಿ, ತೊಂಬತ್ತಾರು. ಇಳೀಲಿಲ್ಲ. ಉಸುರು ಹತ್ತೈತಿ ಖರೆ, ದಮ್ಮು ಅಲ್ಲ" ಎಂದರು. ಓದಲು ಬಾರದ ವೀರವ್ವ ಆ ಅಂಕಿಯನ್ನು ದಿಟ್ಟಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮತ್ತೆ ತಡೆಯಲಿಲ್ಲ.

ನಡಿಗೆ ಶುರುವಾಯಿತು. ಬಿಸಿಲು ಬಿದ್ದ ಮೇಲೆ, ಶಾಲೆಯ ಮೈದಾನದಲ್ಲಿ, ಮೊದಲು ಹತ್ತು ನಿಮಿಷ, ಬೇಸಿಗೆಯ ಹೊತ್ತಿಗೆ ಅರ್ಧ ತಾಸು. ಮೈದಾನದಲ್ಲಿ ಹುಡುಗರು ನಕ್ಕ ದಿನಗಳಿದ್ದವು. ಒಂದು ವಾರ ಇಳಿದ ತೂಕ ಇನ್ನೊಂದು ವಾರ ಮರಳಿ ಏರಿತು. ರಾತ್ರಿ ಎರಡೇ ರೊಟ್ಟಿಗೆ ಊಟ ಮುಗಿಸಿ ಏಳುವಾಗ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಜುಲೈನ ಜಿಟಿಜಿಟಿ ಮಳೆಯಲ್ಲಿ ದಮ್ಮು ಮತ್ತೆ ಕಾಡಿ ಎರಡು ವಾರ ನಡಿಗೆ ನಿಂತಿತು.

ಸೆಪ್ಟೆಂಬರಿನಲ್ಲಿ ತೂಕ ಎಪ್ಪತ್ತೈದು. ನೀಲಿ ಪಂಪು ವಾರಕ್ಕೆ ಒಮ್ಮೆ. ಆಸೆಯಿಂದ ಸರ್ಟಿಫಿಕೇಟು ಕೇಳಲು ಹೋದಳು. ಇರಮ ಕಾಗದಗಳನ್ನು ಎರಡು ಸಲ ತಿರುವಿ ತಲೆಯಾಡಿಸಿದರು.

"ರಾಶಿ ಹಂಗಾಮು ಮುಂದ ಐತ್ರಿ. ಈ ಚಳಿಗಾಲ ಹೆಂಗ ದಾಟ್ತೀರಿ ನೋಡೂಣು. ಈಗ ಬರದು ಕೊಡಾಕ ನನ್ನ ಮನಸ್ಸು ಒಪ್ಪಂಗಿಲ್ಲ."

ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದ ಬಸವೇಶ ಅವಳ ಮುಖ ನೋಡಿಯೇ ತಿಳಿದುಕೊಂಡ. "ಹತ್ತು, ಹೋಗೂಣು" ಎಂದ.

"ನೀವು ನಡೀರಿ. ನಾ ನಡಕೋತ ಬರ್ತೇನಿ."

ಮನೆ ಒಂದೂವರೆ ಕಿಲೋಮೀಟರು. ಸ್ವಲ್ಪ ದೂರ ಅಳುತ್ತಲೇ ನಡೆದಳು. ಅತ್ತರೆ ಉಸಿರು ಕೆಡುತ್ತದೆಂದು ನಿಂತು ಮೂಗೊರೆಸಿಕೊಂಡಳು. ಪೇಟೆಯ ಏರಿನಲ್ಲಿ ಇನ್ನೊಮ್ಮೆ ನಿಂತಳು. ಬಸವೇಶ ಮುಂದೆ ಹೋಗದೆ ಬೈಕು ತಳ್ಳುತ್ತ ಹಿಂದಿನಿಂದ ಬರುತ್ತಿದ್ದ. ಅವಳು ಬೇಡ ಎನ್ನಲಿಲ್ಲ.

ಮನೆ ಮುಟ್ಟಿ ಕಟ್ಟೆಯ ಮೇಲೆ ಕೂತಾಗ ವೀರವ್ವ ಹೊರಗೆ ಬಂದಳು. ಏನಾಯಿತೆಂದು ಕೇಳಲಿಲ್ಲ. ಸೊಸೆಯ ಬೆನ್ನ ಮೇಲೆ ಅಂಗೈಯಿಟ್ಟು ಸಿಳ್ಳೆ ಇದೆಯೋ ಎಂದು ಸ್ವಲ್ಪ ಹೊತ್ತು ಆಲಿಸಿದಳು. ಇರಲಿಲ್ಲ. ಏರಿದ್ದ ಉಸಿರು ತನ್ನಷ್ಟಕ್ಕೆ ಇಳಿಯುತ್ತಿತ್ತು.

"ಮುಂದಿನ ವರ್ಷ ಆದ್ರೂ ಸರ್ಟಿಫಿಕೇಟು ಕೊಡ್ತಾಳೇನು ಆ ಡಾಕ್ಟರು?" ಎಂದಳು ವೀರವ್ವ.

"ಗೊತ್ತಿಲ್ರಿ ಅತ್ತಿ," ಎಂದಳು ತನುಜಾ.